ಭಾರ ಹೆಚ್ಚಾದಾಗ: ಪ್ರವಾದಿ ಎಲೀಯನಿಂದ ಕಲಿಯೋಣ



"ಸಿಸ್ಟರ್, ಸಾಕಾಗಿ ಹೋಗಿದೆ. ಪ್ರಾರ್ಥನೆ ಮಾಡೋಕೂ ಮನಸ್ಸು ಬರ್ತಿಲ್ಲ." ಸ್ವಸಹಾಯ ಸಂಘದ ಸಭೆ ಮುಗಿದ ಮೇಲೆ ಹಿಂದೆ ಉಳಿದು ಹೀಗೆ ಹೇಳುವ ತಾಯಂದಿರು ಒಬ್ಬಿಬ್ಬರಲ್ಲ. ವಾರದ ಕಂತು, ಗಂಡನ ಕುಡಿತ, ಮಗಳ ಫೀಸು, ಹಾಸಿಗೆ ಹಿಡಿದ ಅತ್ತೆ, ಎಲ್ಲವೂ ಒಟ್ಟಿಗೆ ತಲೆ ಮೇಲೆ ಬಂದಾಗ ಮನಸ್ಸು ಕುಗ್ಗುತ್ತದೆ. ಆಗ ಯಾರಾದರೂ "ನಿನಗೆ ವಿಶ್ವಾಸ ಸಾಲದು, ಅದಕ್ಕೇ ಹೀಗೆ" ಎಂದುಬಿಟ್ಟರೆ, ಗಾಯದ ಮೇಲೆ ಬರೆ ಎಳೆದಂತೆ.

ಪವಿತ್ರ ಬೈಬಲ್ ಹಾಗೆ ಹೇಳುವುದಿಲ್ಲ. ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯವನ್ನು ಓದಿ ನೋಡಿ. ಕಾರ್ಮೆಲ್ ಬೆಟ್ಟದಲ್ಲಿ ಧೈರ್ಯವಾಗಿ ನಿಂತ ಎಲೀಯ, ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿಹೋಗುತ್ತಾನೆ. ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ನನಗೆ ಸಾವು ಬರಲಿ ಎಂದು ಬೇಡುತ್ತಾನೆ. ಅವನು ವಿಶ್ವಾಸವಿಲ್ಲದವನಲ್ಲ, ದೇವರ ಪ್ರವಾದಿ!

ದೇವರು ಮಾಡಿದ್ದೇನು?

ದೇವರು ಅವನನ್ನು ಗದರಿಸಲಿಲ್ಲ, ಬುದ್ಧಿವಾದ ಹೇಳಲಿಲ್ಲ. ಮೊದಲು ನಿದ್ದೆ ಮಾಡಲು ಬಿಟ್ಟರು. ಬಳಿಕ ದೇವದೂತನ ಕೈಯಲ್ಲಿ ರೊಟ್ಟಿ, ನೀರು ಕಳಿಸಿದರು. ಅವನು ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಎಬ್ಬಿಸಿ ಉಣಿಸಿದ. ಆ ಬಲದಿಂದ ಎಲೀಯ 40 ದಿನ ನಡೆದು ಹೋರೇಬ್ ಬೆಟ್ಟ ಸೇರಿದ. ಅಲ್ಲಿ ದೇವರು ಅವನ ದುಃಖವನ್ನು ಹೇಳಲು ಬಿಟ್ಟು ಕೇಳಿಸಿಕೊಂಡರು. ನಾನೊಬ್ಬನೇ ಉಳಿದಿದ್ದೇನೆ ಎಂದು ಅತ್ತವನಿಗೆ, ಇನ್ನೂ 7000 ಜನರಿದ್ದಾರೆ ಎಂದು ತಿಳಿಸಿದರು. ಜೊತೆಗಾರನಾಗಿ ಎಲೀಷನನ್ನು ಕೊಟ್ಟರು.

ಊಟ, ನಿದ್ದೆ, ಕೇಳುವ ಕಿವಿ, ಒಬ್ಬ ಜೊತೆಗಾರ: ಸಮಾಜಕಾರ್ಯದಲ್ಲಿ ನಾವು ಕಲಿತ ಆಪ್ತಸಮಾಲೋಚನೆಯ ಪಾಠವೂ ಇದೇ. ಯೇಸುಸ್ವಾಮಿ ಕೂಡ ಗೆತ್ಸೆಮನಿಯಲ್ಲಿ ತಮ್ಮ ಸಂಕಟವನ್ನು ಬಚ್ಚಿಡಲಿಲ್ಲ. ತಮ್ಮೊಡನೆ ಎಚ್ಚರವಾಗಿರಿ ಎಂದು ಮೂವರು ಶಿಷ್ಯರನ್ನು ಕೇಳಿಕೊಂಡರು. ದೇವಪುತ್ರರೇ ಜೊತೆ ಬೇಡಿದ ಮೇಲೆ, ಸಹಾಯ ಕೇಳಲು ನಮಗೆ ನಾಚಿಕೆ ಏಕೆ?

ನಾವು ಮಾಡಬಹುದಾದದ್ದು

* ದೊಡ್ಡ ಪ್ರಾರ್ಥನೆ ಬಾರದಿದ್ದರೆ ಬೇಡ. "ಸ್ವಾಮೀ, ನೋಡಿ" ಎಂದರೂ ಸಾಕು. ಜಪಸರವನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತರೂ ಅದು ಪ್ರಾರ್ಥನೆಯೇ.
* ಹೊತ್ತಿಗೆ ಸರಿಯಾಗಿ ಉಣ್ಣಿ. ಎಲ್ಲರಿಗೂ ಬಡಿಸಿ ತಾನು ಉಪವಾಸ ಬೀಳುವುದು ತ್ಯಾಗವಲ್ಲ.
* ನಂಬಿಕಸ್ಥರೊಬ್ಬರ ಹತ್ತಿರ ಬಾಯಿಬಿಟ್ಟು ಹೇಳಿ: ಸಂಘದ ಗೆಳತಿ, ಧರ್ಮಗುರುಗಳು, ಸಿಸ್ಟರ್, ಯಾರಾದರೂ ಸರಿ.
* ಸಾಲದ ಲೆಕ್ಕವನ್ನು ಹಾಳೆಯಲ್ಲಿ ಬರೆದು ಸಂಘಕ್ಕೆ ತನ್ನಿ. ಕಿರುಸಾಲದ ಬಲವಂತದ ವಸೂಲಿ ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಬಂದಿದೆ. ಯಾರಾದರೂ ಮನೆ ಮುಂದೆ ನಿಂತು ಬೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದು.
* ಎರಡು ವಾರ ಕಳೆದರೂ ನಿದ್ದೆಯಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ ಎಂದಾದರೆ ಅದು ಖಿನ್ನತೆ ಇರಬಹುದು, ವೈದ್ಯರನ್ನು ಕಾಣಿ. ಜ್ವರಕ್ಕೆ ಮಾತ್ರೆ ನುಂಗುವವರು ಇದಕ್ಕೂ ನುಂಗಬಹುದು. ಅದರಿಂದ ವಿಶ್ವಾಸಕ್ಕೇನೂ ಕುಂದಿಲ್ಲ.
* ಸಾಯಬೇಕು ಎನ್ನಿಸಿದರೆ ಒಂದು ಗಳಿಗೆಯೂ ಒಬ್ಬರೇ ಇರಬೇಡಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನೆರೆಮನೆಯವರು ಎಲೀಯನ ಹಾಗೆ ಕುಗ್ಗಿ ಕೂತಿದ್ದರೆ ನಾವೇ ಆ ದೇವದೂತರಾಗಬೇಕು. ಉಪದೇಶ ಆಮೇಲೆ, ಮೊದಲು ಒಂದು ತಟ್ಟೆ ಗಂಜಿ, ಅರ್ಧ ಗಂಟೆ ಸಮಯ.

2025ರ ಜೂಬಿಲಿ ವರ್ಷಕ್ಕೆ ಜಗದ್ಗುರು ಫ್ರಾನ್ಸಿಸ್ ಅವರು ಕೊಟ್ಟ ವಿಷಯ 'ಭರವಸೆಯ ಯಾತ್ರಿಕರು'. ಅದರ ಲಾಂಛನದಲ್ಲಿ ಶಿಲುಬೆಯ ಬುಡ ಲಂಗರಿನ ಆಕಾರದಲ್ಲಿದೆ. ಲಂಗರು ಅಲೆಗಳನ್ನು ನಿಲ್ಲಿಸುವುದಿಲ್ಲ, ದೋಣಿ ಕೊಚ್ಚಿ ಹೋಗದಂತೆ ಹಿಡಿದಿಡುತ್ತದೆ. ನಮ್ಮ ವಿಶ್ವಾಸವೂ ಹಾಗೆಯೇ. ಕಷ್ಟ ಇವತ್ತೇ ಮುಗಿಯಲಿಕ್ಕಿಲ್ಲ; ಆದರೆ ನಾವು ಒಂಟಿಯಲ್ಲ. ಪ್ರಭು ನಿಮಗೆ ಇಂದಿನ ದಿನಕ್ಕೆ ಬೇಕಾದ ಬಲವನ್ನು ದಯಪಾಲಿಸಲಿ.