ಸೋರುವ ತಾರಸಿ: ದುರಸ್ತಿ ಸಾಕೆ, ಬದಲಿಸಬೇಕೆ?

ಮಳೆಗಾಲ ಬಂತೆಂದರೆ ಹಳೆಯ ಆರ್‌ಸಿಸಿ ಮನೆಗಳಲ್ಲಿ ಕೇಳಿಬರುವ ದೂರು ಒಂದೇ: ತಾರಸಿ ಸೋರುತ್ತಿದೆ. ಮೇಲೊಂದು ಸಿಮೆಂಟಿನ ಪದರ ಹಾಕಿದರೆ ಸಾಕು ಎನ್ನುತ್ತಾರೆ ಒಬ್ಬ ಮೇಸ್ತ್ರಿ. ಒಡೆದು ಹೊಸದಾಗಿ ಹಾಕಲೇಬೇಕು ಎನ್ನುತ್ತಾರೆ ಇನ್ನೊಬ್ಬರು. ಮೊದಲ ಸಲಹೆ ತಪ್ಪಾಗಿದ್ದರೆ ಕೆಳಗೆ ಮಲಗಿದವರ ಪ್ರಾಣಕ್ಕೆ ಅಪಾಯ. ಎರಡನೆಯದು ತಪ್ಪಾಗಿದ್ದರೆ ಕೂಡಿಟ್ಟ ಹಣ ವ್ಯರ್ಥ. ಇದನ್ನು ತೀರ್ಮಾನಿಸಬೇಕಾದುದು ಸೋರುವ ನೀರಿನ ಪ್ರಮಾಣವಲ್ಲ, ಒಳಗಿರುವ ಉಕ್ಕಿನ ಸರಳುಗಳ ಸ್ಥಿತಿ.

ಸರಳಿನ ಕೆಲಸವೇನು?

ಕಾಂಕ್ರೀಟ್ ಅದುಮುವ ಬಲವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಎಳೆಯುವ ಬಲವನ್ನು ತಾಳಲಾರದು. ಗೋಡೆಗಳ ನಡುವೆ ತಾರಸಿ ತನ್ನ ಭಾರಕ್ಕೆ ತುಸು ಬಾಗಿದಾಗ ಅದರ ಕೆಳಮೈ ಎಳೆತಕ್ಕೆ ಒಳಗಾಗುತ್ತದೆ. ಆ ಎಳೆತವನ್ನು ಹೊರುವುದು ಕೆಳಮೈಗೆ ಸಮೀಪವಿರುವ ಸರಳುಗಳು. 8 ಮಿಮೀ ವ್ಯಾಸದ ಸರಳು ತುಕ್ಕು ಹಿಡಿದು 7 ಮಿಮೀ ಆಯಿತೆನ್ನಿ. ವ್ಯಾಸದಲ್ಲಿ ಕಡಿಮೆಯಾದದ್ದು ಎಂಟನೇ ಒಂದು ಭಾಗ. ಆದರೆ ಅಡ್ಡಕೊಯ್ತದ ವಿಸ್ತೀರ್ಣ ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ಅದು 64ರಿಂದ 49ರ ಅನುಪಾತಕ್ಕೆ ಇಳಿಯುತ್ತದೆ. ಅಂದರೆ ಸುಮಾರು 23 ಶೇಕಡಾ ಬಲ ಹೋಯಿತು.

ತುಕ್ಕು ಹಿಡಿಯುವ ಬಗೆ

ಹೊಸ ಕಾಂಕ್ರೀಟ್ ಪ್ರಬಲ ಕ್ಷಾರೀಯ; ಅದರ ಪಿಎಚ್ 12.5ಕ್ಕಿಂತ ಹೆಚ್ಚು. ಈ ಪರಿಸರದಲ್ಲಿ ಉಕ್ಕಿನ ಮೇಲೆ ತೆಳುವಾದ ಆಕ್ಸೈಡ್ ಪೊರೆ ಬೆಳೆದು ತುಕ್ಕನ್ನು ತಡೆಯುತ್ತದೆ. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಸೇರಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ಆಗ ಪಿಎಚ್ 9ರ ಆಸುಪಾಸಿಗೆ ಇಳಿಯುತ್ತದೆ, ಪೊರೆ ನಾಶವಾಗುತ್ತದೆ. ಸೋರುವ ನೀರು ಮತ್ತು ಆಮ್ಲಜನಕ ಸೇರಿ ತುಕ್ಕು ಆರಂಭವಾಗುತ್ತದೆ. ತುಕ್ಕಿನ ಗಾತ್ರ ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು. ಹೀಗೆ ಉಬ್ಬಿದ ತುಕ್ಕು ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ.

ಇಂಗಾಲದ ಡೈಆಕ್ಸೈಡ್ ಇಳಿಯುವ ಆಳ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. 10 ಮಿಮೀ ಇಳಿಯಲು 15 ವರ್ಷ ಬೇಕಾದರೆ, 20 ಮಿಮೀ ಇಳಿಯಲು 60 ವರ್ಷ ಬೇಕು. ಸರಳಿನ ಹೊದಿಕೆಯಲ್ಲಿ ಒಂದು ಸೆಂಟಿಮೀಟರ್ ಉಳಿಸಿದ ಮೇಸ್ತ್ರಿ ತಾರಸಿಯ ಆಯುಸ್ಸನ್ನು ಎಷ್ಟು ಕುಗ್ಗಿಸುತ್ತಾನೆ ನೋಡಿ.

ಪರೀಕ್ಷೆಗಳು

ಟೈಟ್ರೇಶನ್‌ನಲ್ಲಿ ಬಳಸುವ ಫಿನಾಲ್ಫ್ತಲೀನ್ ಇಲ್ಲಿಯೂ ಉಪಯುಕ್ತ. ಆಗತಾನೆ ಒಡೆದ ಕಾಂಕ್ರೀಟಿನ ಮೇಲೆ ಅದನ್ನು ಸಿಂಪಡಿಸಿದರೆ ಕ್ಷಾರೀಯ ಭಾಗ ಗುಲಾಬಿಯಾಗುತ್ತದೆ, ಕ್ಷಾರ ಕಳೆದುಕೊಂಡ ಭಾಗ ಬಣ್ಣ ತಳೆಯುವುದಿಲ್ಲ. ಬಣ್ಣವಿಲ್ಲದ ಪಟ್ಟಿ ಸರಳನ್ನು ಮುಟ್ಟಿದ್ದರೆ ರಕ್ಷಣೆ ಮುಗಿದಂತೆ. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಖಣಖಣ ಎಂದರೆ ಕಾಂಕ್ರೀಟ್ ಗಟ್ಟಿ. ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಇಂತಹ ಕಡೆ ಚೂರು ಉದುರಬಹುದಾದ್ದರಿಂದ ಕೆಳಗೆ ನಿಂತು ತಟ್ಟುವ ಕೆಲಸವನ್ನು ತಿಳಿದವರಿಗೇ ಬಿಡಬೇಕು.

ತೀರ್ಮಾನ ಹೇಗೆ?

ಒದ್ದೆ ಕಲೆ, ಬಿಳಿ ಲವಣ ಮಾತ್ರ ಕಂಡು, ಬಿರುಕಿಲ್ಲದೆ ಸದ್ದೂ ಗಟ್ಟಿಯಾಗಿದ್ದರೆ ಮೇಲ್ಭಾಗದ ದುರಸ್ತಿ ಸಾಕು: ನೀರು ಹರಿಯುವ ಇಳಿಜಾರು, ಕಟ್ಟಿಕೊಳ್ಳದ ಕೊಳವೆ, ಜಲನಿರೋಧಕ ಪದರ.

ಸರಳಿನ ಗುಂಟ ಬಿರುಕು, ಕಂದು ಕಲೆ ಕೆಲವೆಡೆ ಇದ್ದು, ಸರಳು ಹೆಚ್ಚು ಸವೆದಿರದಿದ್ದರೆ ಆಳವಾದ ದುರಸ್ತಿ ಬೇಕು. ಆಸರೆ ಕೊಟ್ಟು, ಸಡಿಲ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೂ ತೆಗೆದು, ತುಕ್ಕು ಉಜ್ಜಿ, ಅಗತ್ಯವಿದ್ದಲ್ಲಿ ಹೊಸ ಸರಳು ಕಟ್ಟಿ, ದುರಸ್ತಿ ಗಾರೆ ತುಂಬಬೇಕು. ಕೆಳಗಿನಿಂದ ಪ್ಲಾಸ್ಟರ್ ಬಳಿದರೆ ರೋಗ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ.

ಬಹುತೇಕ ಸರಳುಗಳು ಸವೆದಿದ್ದರೆ ಅಥವಾ ತಾರಸಿ ಕಣ್ಣಿಗೆ ಕಾಣುವಷ್ಟು ಜೋತಿದ್ದರೆ ಬದಲಿಸುವುದೇ ಲೇಸು. ಕಡಲತೀರದಲ್ಲಿ, ಅಥವಾ ಉಪ್ಪು ಮರಳು ಬಳಸಿದಲ್ಲಿ, ಕ್ಲೋರೈಡ್ ತಾರಸಿಯ ಉದ್ದಗಲಕ್ಕೂ ಹರಡಿರುತ್ತದೆ. ಅಲ್ಲಿ ತುಕ್ಕು ಹಿಡಿಯುವ ಭಾಗ ಆನೋಡ್ ಆಗಿ ಪಕ್ಕದ ಭಾಗವನ್ನು ಕ್ಯಾಥೋಡ್ ಆಗಿ ಕಾಯುತ್ತಿರುತ್ತದೆ. ತೇಪೆ ಹಾಕಿದರೆ ಆ ಕಾವಲು ತಪ್ಪಿ ಪಕ್ಕದ ಸರಳು ತುಕ್ಕು ಹಿಡಿಯತೊಡಗುತ್ತದೆ. ತೇಪೆಯ ಅಂಚಿನಲ್ಲೇ ಮತ್ತೆ ಬಿರುಕು ಮೂಡುವುದು ಇದರಿಂದ.

ಭಾರವೂ ಮುಖ್ಯ. ಭಾರತೀಯ ಮಾನಕ ಐಎಸ್ 875ರ ಪ್ರಕಾರ ಜನ ಓಡಾಡುವ ಸಮತಟ್ಟು ತಾರಸಿಯ ವಿನ್ಯಾಸದಲ್ಲಿ ಚದರ ಮೀಟರಿಗೆ ಸುಮಾರು 150 ಕಿಗ್ರಾಂ ಚರಭಾರ ಲೆಕ್ಕಕ್ಕೆ ಹಿಡಿಯುತ್ತಾರೆ. 7.5 ಸೆಂಮೀ ದಪ್ಪದ ಇಟ್ಟಿಗೆ ಚೂರಿನ ಗಾರೆಯೊಂದೇ ಸುಮಾರು 140 ಕಿಗ್ರಾಂ ತೂಗುತ್ತದೆ. ಹಳೆಯ ಪದರ ತೆಗೆಯದೆ ಹೊಸದನ್ನು ಹೇರುತ್ತ ಹೋದರೆ, ಸವೆದ ಸರಳು ಅದನ್ನು ಹೊರುವುದೆಂತು?

ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಒಂದೆರಡು ಕಡೆ ಹೊದಿಕೆ ತೆಗೆಸಿ, ಸರಳಿನ ವ್ಯಾಸವನ್ನು ಅಳೆಸಿ, ರಚನಾ ಎಂಜಿನಿಯರರಿಂದ ಲೆಕ್ಕ ಹಾಕಿಸುವುದು ಜಾಣತನ. ಹಳೆಯ ಕಟ್ಟಡ ಕೆಡವಿದಲ್ಲಿ ಸಿಕ್ಕ ಕಾಂಕ್ರೀಟ್ ತುಂಡನ್ನು ತರಗತಿಗೆ ತಂದು ಒಡೆದು, ಫಿನಾಲ್ಫ್ತಲೀನ್ ಸಿಂಪಡಿಸಿ ತೋರಿಸಿ. ತಾವು ವಾಸಿಸುವ ಸೂರಿನೊಳಗೆ ನಡೆಯುವ ರಸಾಯನ ಕ್ರಿಯೆ ಮಕ್ಕಳ ಕಣ್ಣಿಗೆ ಬೀಳುತ್ತದೆ.