ಶನಿಗ್ರಹದ ಚಂದ್ರನಲ್ಲಿ ಅಲಿಬಾಬಾ

ಕೂಸು ಹುಟ್ಟಿದರೆ ಹೆಸರಿಡುವುದಕ್ಕೆ ತೊಟ್ಟಿಲು, ನೆಂಟರಿಷ್ಟರು, ಒಳ್ಳೆಯ ದಿನ ಇವೆಲ್ಲ ಬೇಕಷ್ಟೆ. ಆಕಾಶಕಾಯಗಳ ಮೇಲಿನ ಕುಳಿಗಳಿಗೆ ಹೆಸರಿಡುವುದಕ್ಕೂ ಅಂಥದೇ ಒಂದು ಕಟ್ಟುಪಾಡುಂಟೆಂದರೆ ವಾಚಕರಿಗೆ ಸೋಜಿಗವೆನಿಸೀತು. ನಮ್ಮ ಚಂದ್ರನ ಮಟ್ಟಿಗೆ ಈ ಕೆಲಸವನ್ನು 1651ರಲ್ಲಿಯೇ ರಿಚ್ಚೋಲಿ ಎಂಬ ಇಟಲಿಯ ಪಾದ್ರಿಯೊಬ್ಬನು ಕೈಗೊಂಡು, ಕುಳಿಗಳಿಗೆ ಬಹುಪಾಲು ವಿದ್ವಾಂಸರ ಹೆಸರುಗಳನ್ನಿಟ್ಟನು. ಆ ವಾಡಿಕೆ ಇಂದಿಗೂ ನಡೆದುಬಂದಿದೆ. ಆರ್ಯಭಟನಿಗೂ ಸಿ. ವಿ. ರಾಮನ್ನರಿಗೂ ಅಲ್ಲಿ ಒಂದೊಂದು ಕುಳಿ ದೊರೆತಿದೆ.

ಗುರು ಮತ್ತು ಶನಿಗ್ರಹಗಳ ಚಂದ್ರರ ಸಂಗತಿ ಬೇರೆ. ಬಹುಕಾಲ ಅವು ದೂರದರ್ಶಕದಲ್ಲಿ ಕಾಣುವ ಬೆಳಕಿನ ಚುಕ್ಕೆಗಳಾಗಿಯೇ ಇದ್ದವು. 1979ರಲ್ಲಿ ಗುರುವನ್ನೂ, 1980 ಮತ್ತು 1981ರಲ್ಲಿ ಶನಿಯನ್ನೂ ಹಾದುಹೋದ ಎರಡು ವಾಯೇಜರ್ ನೌಕೆಗಳು ಚಿತ್ರಗಳನ್ನು ಕಳುಹಿಸಿದಾಗ, ನೂರಾರು ಕುಳಿಗಳು ಒಮ್ಮೆಲೇ ಕಣ್ಣಿಗೆ ಬಿದ್ದವು. ‘ಮೇಲಿನ ದೊಡ್ಡ ಕುಳಿ’, ‘ಅದರ ಪಕ್ಕದ ಸಣ್ಣದು’ ಎಂದು ಹೇಳಿಕೊಂಡರೆ ನಕ್ಷೆಯ ಕೆಲಸ ಸಾಗದು. ಈ ನಾಮಕರಣದ ಅಧಿಕಾರವಿರುವುದು 1919ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಖಗೋಳ ಸಂಘಕ್ಕೆ. ಸಂಘವು ಒಂದೊಂದು ಚಂದ್ರನಿಗೆ ಒಂದೊಂದು ಕಥಾಭಂಡಾರವನ್ನು ಹಂಚಿಕೊಟ್ಟಿತು. ಕ್ಯಾಲಿಸ್ಟೊ ಚಂದ್ರನಿಗೆ ಉತ್ತರ ಯೂರೋಪಿನ ಪುರಾಣ ಬಂತು. ಟೆಥಿಸ್‌ಗೆ ಹೋಮರನ ಒಡಿಸ್ಸಿ, ಮೈಮಸ್‌ಗೆ ಆರ್ಥರ್ ರಾಜನ ಕಥೆ. ರಿಯಾ ಎಂಬ ಚಂದ್ರನಿಗೆ ನಾನಾ ಜನಾಂಗಗಳ ಸೃಷ್ಟಿಪುರಾಣಗಳು ಬಂದುದರಿಂದ, ಜಪಾನಿನ ಆದಿದಂಪತಿಗಳಾದ ಇಜನಾಗಿ, ಇಜನಾಮಿ ಅಲ್ಲಿದ್ದಾರೆ. ಟೈಟನ್ ಚಂದ್ರನ ಒಂದು ಕಪ್ಪು ಮಚ್ಚೆಗೆ ನಮ್ಮ ಗಣೇಶನ ಹೆಸರಿದೆ. ಕ್ಯಾಲಿಸ್ಟೊ ಎಂಬುದೇ ಗ್ರೀಕ್ ಕಥೆಯ ಹೆಣ್ಣೊಬ್ಬಳ ಹೆಸರು. ಅವಳ ಮನೆಯಲ್ಲಿ ಉತ್ತರದೇಶದ ದೇವತೆಗಳು ಬಿಡಾರ ಹೂಡಿರುವುದನ್ನು ನೋಡಿದರೆ ನಗು ಬರುತ್ತದೆ.

ಇವುಗಳಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಶನಿಯ ಚಂದ್ರನಾದ ಎನ್ಸೆಲಾಡಸ್. ಇದನ್ನು 1789ರಲ್ಲಿ ಕಂಡವನು ವಿಲಿಯಂ ಹರ್ಷೆಲ್. 1847ರಲ್ಲಿ ಹೆಸರಿಟ್ಟವನು ಅವನ ಮಗ ಜಾನ್. ಎನ್ಸೆಲಾಡಸ್ ಗ್ರೀಕರ ಪುರಾಣದಲ್ಲಿ ದೇವತೆಗಳೊಡನೆ ಕಾದಾಡಿದ ಒಬ್ಬ ದೈತ್ಯ. ಅಥೀನಾ ದೇವಿ ಸಿಸಿಲಿ ದ್ವೀಪವನ್ನೇ ಅವನ ಮೇಲೆ ಹೇರಿದಳಂತೆ. ಎಟ್ನಾ ಪರ್ವತ ಉಗುಳುವ ಬೆಂಕಿ ಅವನ ಉಸಿರಂತೆ. 2005ರಲ್ಲಿ ಕ್ಯಾಸಿನಿ ನೌಕೆ ನೋಡಿದಾಗ, ಈ ಚಂದ್ರನ ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿಯೂ ಹಿಮದ ಪುಡಿಯೂ ಚಿಮ್ಮುತ್ತಿದ್ದವು! ಜಾನ್ ಹರ್ಷೆಲನಿಗೆ ಇದರ ಸುಳಿವಾದರೂ ಇರುವಂತಿರಲಿಲ್ಲ.

ಸುಮಾರು 500 ಕಿಲೋಮೀಟರ್ ಅಡ್ಡಗಲದ ಈ ಹಿಮದ ಗೋಲಕ್ಕೆ ದೊರೆತ ಕಥಾಭಂಡಾರವೆಂದರೆ ಅರೇಬಿಯನ್ ನೈಟ್ಸ್. ಉತ್ತರಭಾಗದಲ್ಲಿ ಅಲಿಬಾಬಾ ಮತ್ತು ಅಲಾದ್ದೀನ್ ಕುಳಿಗಳು ನೆರೆಹೊರೆಯವರಂತೆ ಕೂತಿವೆ. ಅಲಿಬಾಬಾ ಕುಳಿಯ ತಳ ತಗ್ಗಾಗಿರುವುದರ ಬದಲು ಹಂಚಿನ ಮೇಲಿನ ರೊಟ್ಟಿಯಂತೆ ನಡುವೆ ಉಬ್ಬಿಕೊಂಡಿದೆ. ಒಳಗಿನ ಬಿಸಿಯಿಂದ ಮೆತ್ತಗಾದ ಹಿಮ ಬಹುಕಾಲದಲ್ಲಿ ಮೆಲ್ಲಮೆಲ್ಲನೆ ಹರಿದು ಹೀಗೆ ಮೇಲೆದ್ದಿತೆಂದು ವಿಜ್ಞಾನಿಗಳು ಹೇಳುತ್ತಾರೆ. ಕಥೆ ಹೇಳಿ ಪ್ರಾಣ ಉಳಿಸಿಕೊಂಡ ಶಹರಾಜಾದ್, ಅವಳ ತಂಗಿ ದುನ್ಯಾಜಾದ್, ಕ್ಷೌರಿಕನ ತಮ್ಮನೋ ಅಣ್ಣನೋ ಆದ ಅಲ್-ಹದ್ದಾರ್, ಈ ಮೂವರ ಕುಳಿಗಳು ಒಂದಕ್ಕೊಂದು ತಾಗಿಕೊಂಡಿವೆ. ಆವಿ ಚಿಮ್ಮುವ ಆ ಉದ್ದನೆಯ ಬಿರುಕುಗಳ ಹೆಸರುಗಳು ಅಲೆಕ್ಸಾಂಡ್ರಿಯಾ, ಕೈರೋ, ಬಾಗ್ದಾದ್, ಡಮಾಸ್ಕಸ್.

ಬೇರೆ ಚಂದ್ರರಲ್ಲಿ ಹೆಚ್ಚಾಗಿ ದೇವತೆಗಳಿಗೆ, ರಾಜರಿಗೆ, ವೀರರಿಗೆ ಮನ್ನಣೆ. ಇಲ್ಲಿಯಾದರೋ ಸೌದೆ ಕಡಿಯುವ ಅಲಿಬಾಬಾನಿಗೂ, ದರ್ಜಿಯ ಮಗನಾದ ಅಲಾದ್ದೀನನಿಗೂ ಜಾಗ ಸಿಕ್ಕಿದೆ. ಇದು ನನಗೆ ಬಹಳ ಹಿಡಿಸಿತು.

ಆದರೆ ಈ ಹೆಸರುಗಳು ಮೇಲೇರಿದ್ದು ಅಚ್ಚಾದ ಪುಸ್ತಕದ ಮೂಲಕ. ಸಂಘವು ಆಧಾರವಾಗಿ ಹಿಡಿದುದು ರಿಚರ್ಡ್ ಬರ್ಟನ್ನನು 1885ರಿಂದ ಹೊರತಂದ ಇಂಗ್ಲಿಷ್ ಅನುವಾದವನ್ನು. (ಇಂಗ್ಲೆಂಡಿನಲ್ಲಿಯೇ ಅಚ್ಚಾದ ಆ ಪುಸ್ತಕದ ಮೇಲೆ, ಕಾನೂನಿನ ಕಣ್ಣು ತಪ್ಪಿಸಲು, ಬನಾರಸ್ ಎಂದು ಊರಿನ ಹೆಸರು ಹಾಕಿದ್ದರು!) ಬರ್ಟನ್ನನಿಗಿಂತ ಮುಂಚೆ, 1704ರಿಂದ, ಗಲಾಂ ಎಂಬ ಫ್ರೆಂಚ್ ವಿದ್ವಾಂಸನು ಈ ಕಥೆಗಳನ್ನು ಯೂರೋಪಿಗೆ ಪರಿಚಯ ಮಾಡಿಕೊಟ್ಟನು. ಅವನ ಬಳಿಯಿದ್ದ ಹಳೆಯ ಅರಬ್ಬೀ ಹಸ್ತಪ್ರತಿಯಲ್ಲಿ ಅಲಿಬಾಬಾನೂ ಇರಲಿಲ್ಲ, ಅಲಾದ್ದೀನನೂ ಇರಲಿಲ್ಲ. 1709ರಲ್ಲಿ ಸಿರಿಯಾದ ಅಲೆಪ್ಪೊ ಪಟ್ಟಣದಿಂದ ಪ್ಯಾರಿಸ್ಸಿಗೆ ಬಂದಿದ್ದ ಹನ್ನಾ ದಿಯಾಬ್ ಎಂಬ ತರುಣನು ಆ ಕಥೆಗಳನ್ನು ಗಲಾಂನಿಗೆ ಬಾಯಲ್ಲಿ ಹೇಳಿದನು. ಗಲಾಂ ತನ್ನ ದಿನಚರಿಯಲ್ಲಿ ಅವನನ್ನು ಹೆಸರಿಸಿದ್ದಾನೆ. ಅಚ್ಚಾದ ಸಂಪುಟಗಳಲ್ಲಿ ಹೆಸರಿಸಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನಾನು ಕೇಳಿದ ಕಥೆಗಳನ್ನೆಲ್ಲ ಹೇಳಿದವರು ಅಕ್ಷರ ಬಾರದವರು. ಆದ್ದರಿಂದಲೋ ಏನೋ, ಈ ಸಂಗತಿಯನ್ನು ಓದಿದಾಗ ಅಲಿಬಾಬಾನಿಗಿಂತ ದಿಯಾಬನೇ ನನ್ನ ತಲೆಯಲ್ಲಿ ಉಳಿದನು. ಎನ್ಸೆಲಾಡಸ್ಸಿನ ಕಟ್ಟಳೆಯಂತೆ ಕಥೆಯೊಳಗಿನ ಜನರಿಗೆ, ಸ್ಥಳಗಳಿಗೆ ಮಾತ್ರ ಅಲ್ಲಿ ಅವಕಾಶ. ಶಹರಾಜಾದಳು ಕಥೆಯೊಳಗೆ ಕೂತು ಕಥೆ ಹೇಳಿದ್ದರಿಂದ ಅವಳಿಗೆ ಕುಳಿ ಸಿಕ್ಕಿತು. ದಿಯಾಬನು ಹೊರಗೆ ಕೂತು ಹೇಳಿದನು.

ದಿಯಾಬನು ಮುಪ್ಪಿನಲ್ಲಿ ತನ್ನ ಪ್ರವಾಸದ ವೃತ್ತಾಂತವನ್ನು ತಾನೇ ಬರೆದಿಟ್ಟನು. ಆ ಹಸ್ತಪ್ರತಿ ವ್ಯಾಟಿಕನ್ ಗ್ರಂಥಾಲಯವನ್ನು ಸೇರಿತು. ಮೊದಲ ಕೆಲವು ಹಾಳೆಗಳು ಕಳೆದುಹೋಗಿದ್ದುದರಿಂದ ಅದು ಯಾರದೆಂದು ಬಹುಕಾಲ ತಿಳಿಯಲಿಲ್ಲ. ವಿದ್ವಾಂಸರು ಅದನ್ನು ಗುರುತಿಸಿದ್ದು 1990ರ ದಶಕದಲ್ಲಿ; ಅಷ್ಟು ಹೊತ್ತಿಗೆ ಅಲಿಬಾಬಾ ಶನಿಯ ಚಂದ್ರನ ನಕ್ಷೆಯಲ್ಲಿ ಆಗಲೇ ಕೂತಿದ್ದನು. ವೃತ್ತಾಂತವು 2015ರಲ್ಲಿ ಫ್ರೆಂಚ್ ಭಾಷೆಯಲ್ಲಿಯೂ 2021ರಲ್ಲಿ ಇಂಗ್ಲಿಷಿನಲ್ಲಿಯೂ ಅಚ್ಚಾಗಿ ಬಂದಿದೆ.