ಹೊಟ್ಟೆ ತುಂಬ ನೀರು, ದೋಣಿ ನೆಟ್ಟಗೆ

ದೋಣಿಯೊಳಗೆ ನೀರು ಬಂತೆಂದರೆ ಎಲ್ಲರೂ ಬಕೆಟ್ ಹುಡುಕುತ್ತಾರೆ. ಆದರೆ ಒಂದು ಜಾತಿಯ ಸಣ್ಣ ಹಾಯಿದೋಣಿಗಳಲ್ಲಿ ಹಾಯಿ ಏರಿಸುವ ಮುನ್ನ ಮಾಡಲೇಬೇಕಾದ ಕೆಲಸವೆಂದರೆ ಕವಾಟ ತೆರೆದು ಅರ್ಧ ಟನ್ನಿಗೂ ಹೆಚ್ಚು ನೀರನ್ನು ಒಳಗೆ ಬಿಟ್ಟುಕೊಳ್ಳುವುದು. ನೀರು ತುಂಬಿದರೆ ದೋಣಿ ಭದ್ರ, ತುಂಬದಿದ್ದರೆ ಗಾಳಿಗೆ ಮಗುಚುವ ಭಯ. ದೋಣಿ ಸ್ಥಿರವಾಗಿ ನಿಲ್ಲಲೆಂದು ತಳದಲ್ಲಿ ಹೇರುವ ಇಂಥ ಭಾರಕ್ಕೆ ಬ್ಯಾಲಾಸ್ಟ್ ಎನ್ನುತ್ತಾರೆ. ಹಿಂದಿನವರು ಕಲ್ಲು, ಮರಳು ಹೇರುತ್ತಿದ್ದರು. ಆಮೇಲೆ ಕಬ್ಬಿಣ ಮತ್ತು ಸೀಸ ಬಂದವು. ಇಂಥ ಹಾಯಿದೋಣಿಗಳಲ್ಲಿ ನೀರಿನ ಸರದಿ ಬಂದದ್ದು ಈಚೆಗೆ.

ನೀರಿನ ಬ್ಯಾಲಾಸ್ಟ್ ಇರುವ ಸಣ್ಣ ದೋಣಿಯಿಂದ ಹೆಚ್ಚು ಅನುಕೂಲ ಸಮುದ್ರದಿಂದ ದೂರ ಇರುವವರಿಗೆ. ಹುಬ್ಬಳ್ಳಿಯ ಅಮರಗೋಳದಲ್ಲಿ ಯಾರೋ ಒಬ್ಬರು ಹಾಯಿದೋಣಿ ಕೊಂಡು ಮನೆ ಮುಂದೆ ಟ್ರೇಲರ್ ಮೇಲೆ ನಿಲ್ಲಿಸಿದ್ದಾರೆ ಎಂದುಕೊಳ್ಳಿ. ಹತ್ತಿರದ ಉಣಕಲ್ ಕೆರೆ ಸಾಲದೆನಿಸಿ, ಕಾರಿಗೆ ಟ್ರೇಲರ್ ಕಟ್ಟಿ ಹೊರಟರೆ ಯಲ್ಲಾಪುರ ದಾಟಬೇಕು, ಅರಬೈಲ್ ಘಟ್ಟ ಇಳಿಯಬೇಕು, ಅಂಕೋಲೆಯಿಂದ ಕಾರವಾರದ ಕಡೆ ತಿರುಗಬೇಕು. ದೋಣಿಯ ಅಡಿಯಲ್ಲಿ 600 ಕಿಲೋ ಸೀಸ ಇದ್ದರೆ ಆ ಭಾರವನ್ನು ಘಟ್ಟದಲ್ಲಿ ಹೊತ್ತು ಇಳಿಯಬೇಕು, ಹೊತ್ತು ಹತ್ತಬೇಕು. ಅದರ ಬದಲು ಖಾಲಿ ತೊಟ್ಟಿ ಇದ್ದರೆ? ಬೇಕಾದ ಭಾರ ಕಾರವಾರದ ಸಮುದ್ರದಲ್ಲೇ ಪುಕ್ಕಟೆ ಸಿಗುತ್ತದೆ. ವಾಪಸು ಬರುವಾಗ ಅಲ್ಲೇ ಬಿಟ್ಟು ಬಂದರಾಯಿತು. 1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಮ್ಯಾಕ್‌ಗ್ರೆಗರ್ ಕಂಪನಿ ಇದೇ ಲೆಕ್ಕಾಚಾರದಲ್ಲಿ 26 ಅಡಿಯ ದೋಣಿಗಳನ್ನು ಮಾರುಕಟ್ಟೆಗೆ ತಂದಿತು. ಹಂಟರ್, ಕ್ಯಾಟಲಿನಾ ಕಂಪನಿಗಳೂ ಅದೇ ದಾರಿ ಹಿಡಿದವು. ಈ ಗಾತ್ರದ ದೋಣಿಗಳಲ್ಲಿ ಸಾಮಾನ್ಯವಾಗಿ 500ರಿಂದ 700 ಲೀಟರ್ ನೀರು ಹಿಡಿಯುತ್ತದೆ.

ಹಾಯಿದೋಣಿ ವಾಲುವುದು ಗಾಳಿ ಹಾಯಿಯನ್ನು ಪಕ್ಕಕ್ಕೆ ತಳ್ಳುವುದರಿಂದ. ಅದನ್ನು ಮತ್ತೆ ನೆಟ್ಟಗೆ ಮಾಡುವುದು ಎರಡು ಬಲಗಳ ಜಗ್ಗಾಟ. ದೋಣಿಯ ಒಟ್ಟು ಭಾರ ಅದರ ಗುರುತ್ವ ಕೇಂದ್ರದ ಮೂಲಕ ಕೆಳಕ್ಕೆ ಎಳೆಯುತ್ತದೆ. ಮುಳುಗಿದ ಭಾಗದ ನಟ್ಟನಡುವಿನಿಂದ, ಅಂದರೆ ಪ್ಲವನ ಕೇಂದ್ರದಿಂದ, ನೀರು ಮೇಲಕ್ಕೆ ಎತ್ತುತ್ತದೆ. ದೋಣಿ ಬಲಕ್ಕೆ ವಾಲಿದರೆ ಬಲಬದಿ ಹೆಚ್ಚು ಮುಳುಗುತ್ತದೆ, ಪ್ಲವನ ಕೇಂದ್ರವೂ ಬಲಕ್ಕೆ ಸರಿಯುತ್ತದೆ. ಎತ್ತುವ ಬಲ ಒಂದು ಗೆರೆಯಲ್ಲಿ, ಎಳೆಯುವ ಬಲ ಇನ್ನೊಂದು ಗೆರೆಯಲ್ಲಿ ಇರುವಾಗ ದೋಣಿ ತಿರುಗಿ ಎದ್ದು ನಿಲ್ಲುತ್ತದೆ. ಈ ಎರಡು ಗೆರೆಗಳ ನಡುವಿನ ಅಂತರ ದೊಡ್ಡದಾದಷ್ಟೂ ದೋಣಿ ಗಟ್ಟಿ. ದೋಣಿ ತುಸು ವಾಲಿದಾಗ ಎತ್ತುವ ಗೆರೆಯು ನಡುಗೆರೆಯನ್ನು ಸಂಧಿಸುವ ಬಿಂದುವಿಗೆ ಮೆಟಾಸೆಂಟರ್ ಎಂದು ಹೆಸರಿಟ್ಟು, ಲೆಕ್ಕ ಹಾಕುವ ದಾರಿ ತೋರಿಸಿದವನು ಫ್ರಾನ್ಸಿನ ಪಿಯರ್ ಬುಗೇರ್, 1746ರಲ್ಲಿ. ಗುರುತ್ವ ಕೇಂದ್ರ ಆ ಬಿಂದುವಿಗಿಂತ ಕೆಳಗಿರುವ ತನಕ ದೋಣಿ ಏಳುತ್ತದೆ. ಮೇಲೇರಿತೋ, ಮಗುಚುತ್ತದೆ.

ಹಾಗಾಗಿ ಸ್ಥಿರತೆ ಗಳಿಸಲು ದಾರಿ ಎರಡು. ಒಂದು, ದೋಣಿಯನ್ನು ಅಗಲ ಮಾಡುವುದು. ಇದರ ಫಲ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. 2 ಮೀಟರ್ ಅಗಲವನ್ನು 2.5 ಮೀಟರ್ ಮಾಡಿದರೆ ಅಗಲದಿಂದ ಸಿಗುವ ಬಿಗಿ ಹೆಚ್ಚುಕಡಿಮೆ ಇಮ್ಮಡಿ. ಆದರೆ ಅಗಲದ ಆಟ ದೋಣಿ ಸ್ವಲ್ಪ ವಾಲಿದಾಗ ಮಾತ್ರ. ಪೂರಾ ಪಕ್ಕಕ್ಕೆ ಬಿದ್ದ ಮೇಲೆ ಅಗಲ ಕೈಕೊಡುತ್ತದೆ. ಎರಡನೆಯ ದಾರಿ, ಭಾರವನ್ನು ಕೆಳಗಿಡುವುದು. ದೋಣಿ ಹೆಚ್ಚು ವಾಲಿದಷ್ಟೂ ಇದು ಹೆಚ್ಚು ಕೆಲಸ ಮಾಡುತ್ತದೆ.

ಇಲ್ಲೇ ಹುಟ್ಟುವುದು ಓದುಗರ ಪ್ರಶ್ನೆ: ನೀರಿನೊಳಗೆ ನೀರಿಗೆ ತೂಕವೇ ಇಲ್ಲವಲ್ಲ? ಬಾವಿಯೊಳಗೆ ಮುಳುಗಿದ ತುಂಬಿದ ಕೊಡ ಹಗುರ, ಮೇಲೆ ಬಂದಾಗಲೇ ಭಾರ. ಹಾಗಿದ್ದ ಮೇಲೆ ನೀರಿನ ಮಟ್ಟಕ್ಕಿಂತ ಕೆಳಗಿರುವ ತೊಟ್ಟಿಯ ನೀರು ಏನು ಮಾಡೀತು?

ಪ್ರಶ್ನೆ ಸರಿಯಾದದ್ದೇ. ಉತ್ತರವನ್ನು ಎರಡು ರೀತಿಯಲ್ಲಿ ಹೇಳಬಹುದು. ಮೊದಲನೆಯದು: ತೊಟ್ಟಿಯ ನೀರನ್ನು ದೋಣಿಯದೇ ಭಾಗ ಎಂದು ಎಣಿಸಿ. ಆಗ ದೋಣಿ 600 ಕಿಲೋ ಹೆಚ್ಚು ತೂಗುತ್ತದೆ, ಅದರ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ. ಎರಡನೆಯದು: ತೊಟ್ಟಿಯ ನೀರು ಹೊರಗಿನ ಕೆರೆಯದೇ ಎಂದು ಬಿಟ್ಟುಬಿಡಿ. ಆಗ ದೋಣಿಯ ತೂಕವೂ ಗುರುತ್ವ ಕೇಂದ್ರವೂ ಮೊದಲಿನಂತೆಯೇ. ಬದಲಾದದ್ದು ನೀರು ಕೊಡುವ ಆಸರೆ. ಅಡಿಯಲ್ಲಿ, ನಡುಮಧ್ಯೆ ದೋಣಿಯನ್ನು ಎತ್ತಿ ಹಿಡಿದಿದ್ದ 600 ಲೀಟರ್ ಜಾಗ ಹೋಯಿತು. ಅದನ್ನು ತುಂಬಿಕೊಳ್ಳಲು ದೋಣಿ ಇನ್ನಷ್ಟು ಕೆಳಗಿಳಿದು, ಮೇಲ್ಭಾಗದ ಅಗಲವಾದ ಮೈಯನ್ನು ನೀರಿಗೆ ಕೊಟ್ಟಿತು. ಆಸರೆ ಈಗ ಮೇಲಿನಿಂದ, ಅಗಲದಿಂದ ಸಿಗುತ್ತದೆ. ಎರಡೂ ಲೆಕ್ಕದಲ್ಲಿ ಕೊನೆಗೆ ಬರುವ ಉತ್ತರ ಒಂದೇ: ದೋಣಿ ಬಿಗಿಯಾಯಿತು. ಇನ್ನು ಗಾಳಿ ಜೋರಾಗಿ ದೋಣಿಯನ್ನು ಪೂರಾ ಮಲಗಿಸಿದಾಗ ತೊಟ್ಟಿಯ ಒಂದು ಪಾಲು ನೀರಿನಿಂದ ಮೇಲೆದ್ದು ಗಾಳಿಯಲ್ಲಿ ನಿಲ್ಲುತ್ತದೆ. ಆಗ ಆ ನೀರಿಗೆ ಪೂರ್ಣ ತೂಕ ಬಂದು ದೋಣಿಯನ್ನು ಹಿಂದಕ್ಕೆಳೆಯುತ್ತದೆ.

ಆದರೂ ನೀರು ಸೀಸಕ್ಕೆ ಸಮವಲ್ಲ. 600 ಕಿಲೋ ಸೀಸ ಹಿಡಿಯುವುದು ಬರೀ 53 ಲೀಟರ್ ಜಾಗ. ಅದನ್ನು ದೋಣಿಯ ಅಡಿಯಿಂದ ಕೆಳಕ್ಕೆ ಚಾಚುವ ತೆಳ್ಳಗಿನ ಕೀಲ್‌ನ ತುದಿಯಲ್ಲಿ, ದೋಣಿಯ ಹೊಟ್ಟೆಗಿಂತ ಎಷ್ಟೋ ಕೆಳಗೆ ತೂಗಿಬಿಡಬಹುದು. ನೀರಿಗೆ ಹನ್ನೊಂದು ಪಟ್ಟು ಜಾಗ ಬೇಕು, ಆದ್ದರಿಂದ ಅದು ಹೊಟ್ಟೆಯೊಳಗೇ ಹರಡಿ ಮಲಗಬೇಕು. ಅದೇ 600 ಕಿಲೋ 90 ಸೆಂಟಿಮೀಟರ್ ಕೆಳಗಿದ್ದರೆ, ದೋಣಿ 30 ಡಿಗ್ರಿ ವಾಲಿದಾಗ ಅದನ್ನು ಎತ್ತುವ ಸೆಳೆತ 270 ಕಿಲೋಗ್ರಾಂ-ಮೀಟರ್‌ನಷ್ಟು ಹೆಚ್ಚು. ಹೆಚ್ಚುಕಡಿಮೆ ನಾಲ್ಕು ಜನ ನಡುಗೆರೆಯಿಂದ ಒಂದು ಮೀಟರ್ ಆಚೆ ಕೂತು ಎಳೆದಂತೆ. ನೀರಿನ ದೋಣಿ ಕೊಂಡವರು ಘಟ್ಟದ ಅನುಕೂಲಕ್ಕಾಗಿ ಇಷ್ಟನ್ನು ಬಿಟ್ಟುಕೊಡುತ್ತಾರೆ.

ಅರ್ಧ ತುಂಬಿದ ತೊಟ್ಟಿ ಮಾತ್ರ ಖಾಲಿ ತೊಟ್ಟಿಗಿಂತಲೂ ಮೋಸಗಾರ. ಬೇಸಿಗೆಯಲ್ಲಿ ಹುಬ್ಬಳ್ಳಿ–ಧಾರವಾಡದ ಓಣಿಗಳಲ್ಲಿ ಓಡಾಡುವ ನೀರಿನ ಟ್ಯಾಂಕರ್‌ಗಳ ಚಾಲಕರಿಗೆ ಇದು ಚೆನ್ನಾಗಿ ಗೊತ್ತು. ತುಂಬಿದ ಟ್ಯಾಂಕರ್ ಭಾರವಾದರೂ ಹೇಳಿದಂತೆ ಕೇಳುತ್ತದೆ. ಅರ್ಧ ಖಾಲಿಯಾದದ್ದು ತಿರುವಿನಲ್ಲಿ ಹೊರಗಡೆಗೆ ತಳ್ಳುತ್ತದೆ, ಬ್ರೇಕ್ ಹಾಕಿದ ಮೇಲೂ ಒಮ್ಮೆ ಮುಂದಕ್ಕೆ ದೂಡುತ್ತದೆ. ದೋಣಿಯಲ್ಲೂ ಅಷ್ಟೇ. ವಾಲಿದ ಕಡೆಗೇ ನೀರು ಓಡಿ, ವಾಲಿಕೆಗೆ ಕೈಜೋಡಿಸುತ್ತದೆ.

ಇದರ ಪೆಟ್ಟು ಎಷ್ಟೆಂದು ಲೆಕ್ಕ ಹಾಕಬಹುದು. ತೊಟ್ಟಿಯ ಉದ್ದ 3 ಮೀಟರ್, ಅಗಲ 1.2 ಮೀಟರ್, ನೀರೂ ಸೇರಿ ದೋಣಿಯ ಒಟ್ಟು ತೂಕ ಒಂದೂವರೆ ಟನ್ ಎಂದಿಟ್ಟುಕೊಳ್ಳೋಣ. ಉದ್ದವನ್ನು ಅಗಲದ ಘನದಿಂದ ಗುಣಿಸಿ, 12ರಿಂದ ಭಾಗಿಸಿ, ದೋಣಿ ಸರಿಸಿದ ನೀರಿನ ಗಾತ್ರದಿಂದ ಮತ್ತೆ ಭಾಗಿಸಿದರೆ 29 ಸೆಂಟಿಮೀಟರ್ ಬರುತ್ತದೆ. ಅಂದರೆ ತೊಟ್ಟಿಯ ನೀರು ಆಚೀಚೆ ಓಡಾಡುವಂತಿದ್ದರೆ, ಗುರುತ್ವ ಕೇಂದ್ರ ಸುಮಾರು ಒಂದು ಅಡಿ ಮೇಲೇರಿದಷ್ಟು ನಷ್ಟ. ತೊಟ್ಟಿಯ ಉದ್ದಕ್ಕೂ ನಡುವೆ ಒಂದು ಗೋಡೆ ಕಟ್ಟಿದರೆ ನಷ್ಟ ಕಾಲು ಭಾಗಕ್ಕೆ, ಅಂದರೆ 7 ಸೆಂಟಿಮೀಟರಿಗೆ ಇಳಿಯುತ್ತದೆ. ಎರಡು ಗೋಡೆ ಕಟ್ಟಿ ಮೂರು ಕೋಣೆ ಮಾಡಿದರೆ ಒಂಬತ್ತನೇ ಒಂದು ಭಾಗ, ಸುಮಾರು 3 ಸೆಂಟಿಮೀಟರ್. ತೊಟ್ಟಿ ಕಂಠಮಟ್ಟ ತುಂಬಿದರೆ ನೀರಿಗೆ ಓಡಲು ಜಾಗವೇ ಇಲ್ಲ, ನಷ್ಟ ಸೊನ್ನೆ. ಅದಕ್ಕೇ ಇಂಥ ದೋಣಿಗಳ ತೊಟ್ಟಿಯ ಮೇಲ್ಭಾಗವನ್ನು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಬರುವಂತೆ ರೂಪಿಸುತ್ತಾರೆ. ಹಿಂಬದಿಯ ಕವಾಟ ತೆರೆದರೆ ನೀರು ತಾನಾಗಿ ನುಗ್ಗುತ್ತದೆ, ಮುಂದಿನ ರಂಧ್ರದಿಂದ ಗಾಳಿ ಹೊರಬೀಳುತ್ತದೆ. ಗಾಳಿಯ ಸದ್ದು ನಿಂತಿತೆಂದು ಸುಮ್ಮನಾಗುವಂತಿಲ್ಲ. ರಂಧ್ರದೊಳಗೆ ಕಡ್ಡಿ ಇಳಿಸಿ ನೀರು ಎಲ್ಲಿವರೆಗೆ ಬಂದಿದೆ ನೋಡಿ, ಕವಾಟ ಬಿಗಿಮಾಡಿ, ಆಮೇಲೆ ಹಾಯಿಗೆ ಕೈಹಾಕಬೇಕು.

ಈ ನಿಯಮ ಮರೆತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವರ್ಮಾಂಟ್ ರಾಜ್ಯದ ಷಾಂಪ್ಲೇನ್ ಸರೋವರದ ಘಟನೆ ಸಾಕ್ಷಿ. 2002ರ ಜುಲೈ 4ರಂದು ಅಲ್ಲಿ 26 ಅಡಿಯ ಇಂಥದೇ ದೋಣಿ ಮಗುಚಿತು. ತೊಟ್ಟಿಗೆ ನೀರು ತುಂಬಿರಲಿಲ್ಲ, ದೋಣಿಯಲ್ಲಿ ಜನ ಕಿಕ್ಕಿರಿದಿದ್ದರು. ಇಬ್ಬರು ಮಕ್ಕಳು ತೀರಿಕೊಂಡರು.

ನೀರನ್ನು ನಡುವೆ ಇಡದೆ ಪಕ್ಕದಲ್ಲಿ ಇಟ್ಟರೆ ಕಥೆಯೇ ಬೇರೆ. ಫ್ರಾನ್ಸಿನ ನಾವಿಕ ಎರಿಕ್ ತಬಾರ್ಲಿ ತನ್ನ 35 ಅಡಿಯ ‘ಪೆನ್ ಡ್ಯೂಯಿಕ್ 5’ ದೋಣಿಯ ಎರಡೂ ಬದಿಗೆ ತೊಟ್ಟಿ ಇಡಿಸಿ, 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಜಪಾನಿಗೆ ನಡೆದ ಒಂಟಿ ನಾವಿಕರ ಪಂದ್ಯ ಗೆದ್ದ. ಗಾಳಿ ಬರುವ ಬದಿಯ ತೊಟ್ಟಿ ಮಾತ್ರ ತುಂಬಿಸಿಕೊಳ್ಳುವುದು ಅವನ ಉಪಾಯ. ಅಲ್ಲಿ 500 ಲೀಟರ್ ನೀರು ಇತ್ತೆಂದರೆ ಏಳು ಜನ ಒಂದೇ ಅಂಚಿಗೆ ಕೂತ ಹಾಗೆ, ಅದೂ ಊಟ ಕೇಳದ ಏಳು ಜನ. ದಿಕ್ಕು ಬದಲಿಸುವಾಗ ಮಾತ್ರ ಎಚ್ಚರ ಬೇಕು. ತಿರುಗುವ ಮುನ್ನ ಎರಡು ತೊಟ್ಟಿಗಳ ನಡುವಿನ ಕೊಳವೆ ತೆರೆದರೆ ಎತ್ತರದ ಬದಿಯಿಂದ ತಗ್ಗಿನ ಬದಿಗೆ ನೀರು ತಾನೇ ಇಳಿಯುತ್ತದೆ, ದೋಣಿ ತಿರುಗಿದೊಡನೆ ಆ ಬದಿಯೇ ಗಾಳಿಯ ಕಡೆಗೆ ಬರುತ್ತದೆ. ನೀರು ಸರಿಸದೆ ತಿರುಗಿಸಿದರೆ ಅರ್ಧ ಟನ್ ಭಾರ ಗಾಳಿಯ ಪರ ಸೇರಿಕೊಂಡು ದೋಣಿಯನ್ನು ಮಲಗಿಸಿಬಿಡುತ್ತದೆ. ಇಂದು ಸಾಗರ ಪಂದ್ಯಗಳ ಅನೇಕ ದೋಣಿಗಳಲ್ಲಿ ಈ ಪಕ್ಕದ ತೊಟ್ಟಿಗಳಿವೆ.

ಮಹಾಸಾಗರ ದಾಟುವ ನಮ್ಮ ನೌಕಾಪಡೆಯ ಹಾಯಿದೋಣಿಗಳು ಟ್ರೇಲರ್ ಏರಬೇಕಿಲ್ಲ. ಹಾಗಾಗಿ ಅವು ಕೀಲ್‌ನಲ್ಲೇ ಖಾಯಂ ಭಾರ ಹೊತ್ತಿವೆ. ಅವುಗಳಲ್ಲಿ ಒಂದು ಗೋವಾದಲ್ಲಿ ಕಟ್ಟಿ, 2009ರಲ್ಲಿ ನೌಕಾಪಡೆ ಸೇರಿದ ‘ಮ್ಹಾದೆಯಿ’. ಖಾನಾಪುರದ ಕಾಡಿನಲ್ಲಿ ಹುಟ್ಟುವ, ಹುಬ್ಬಳ್ಳಿ–ಧಾರವಾಡದವರು ಕುಡಿಯುವ ನೀರಿಗಾಗಿ ವರ್ಷಗಟ್ಟಲೆ ಹೋರಾಡಿದ ಮಹದಾಯಿಯ ಹೆಸರೇ ಅದಕ್ಕೆ. 2012ರ ನವೆಂಬರಿನಿಂದ 2013ರ ಮಾರ್ಚ್‌ವರೆಗೆ ನೌಕಾಪಡೆಯ ಅಧಿಕಾರಿ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ, ಒಬ್ಬರೇ, ಅದರಲ್ಲಿ ಭೂಮಿಗೆ ಸುತ್ತುಹಾಕಿದರು. 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ಸೇರ್ಪಡೆಯಾದ ‘ಕೌಂಡಿನ್ಯ’ ಇನ್ನೂ ಹಳೆಯ ಬಗೆಯದು. ಅಜಂತಾದ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ಹಗ್ಗದಲ್ಲಿ ಹೊಲಿದು ಕಟ್ಟಿದ ಹಡಗು. ಚಿತ್ರದಲ್ಲಿ ಹಡಗಿನ ಹೊರನೋಟ ಸಿಕ್ಕರೂ ಅದು ನೀರಿನಲ್ಲಿ ಹೇಗೆ ನಡೆದುಕೊಂಡೀತೆಂಬುದು ಸಿಗುವುದಿಲ್ಲ. ಅದಕ್ಕಾಗಿ ಐಐಟಿ ಮದ್ರಾಸಿನ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಮಾದರಿ ಇಟ್ಟು ಪರೀಕ್ಷಿಸಬೇಕಾಯಿತು.

ಸರಕು ಇಳಿಸಿ ಖಾಲಿಯಾದ ದೊಡ್ಡ ಹಡಗುಗಳೂ ನೀರನ್ನೇ ತುಂಬಿಕೊಂಡು ಹೊರಡುತ್ತವೆ. ಆ ನೀರಿನ ಜೊತೆ ಒಂದು ಬಂದರಿನ ಜೀವಿಗಳು ಇನ್ನೊಂದಕ್ಕೆ ವಲಸೆ ಹೋಗಿ ಹಾವಳಿ ಎಬ್ಬಿಸಿದ್ದರಿಂದ ಅಂತಾರಾಷ್ಟ್ರೀಯ ಒಪ್ಪಂದವೊಂದು 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂತು. ಸಣ್ಣ ದೋಣಿಗೂ ಈ ಎಚ್ಚರ ಬೇಕು. ಉಣಕಲ್ ಕೆರೆಯನ್ನು ಅಂತರಗಂಗೆ ಹೇಗೆ ಕಾಡಿದೆ ಎಂದು ನಮಗೆ ಗೊತ್ತೇ ಇದೆ. ಅದರ ಬೀಜ ಸಣ್ಣದು, ತೊಟ್ಟಿಯ ತಳದಲ್ಲಿ ಉಳಿದ ಒಂದು ಬೊಗಸೆ ನೀರು ಅದಕ್ಕೆ ಸಾಕು. ಒಂದು ಕೆರೆಯ ನೀರನ್ನು ಆ ಕೆರೆಯ ದಡದಲ್ಲೇ ಪೂರಾ ಬಸಿದು, ತೊಟ್ಟಿ ಒಣಗಿಸಿ, ಆಮೇಲೆ ಇನ್ನೊಂದು ಕೆರೆಗೆ ಹೋಗಬೇಕು.

ಅಮರಗೋಳದಲ್ಲಿ ಹಾಯಿದೋಣಿ ಕೊಳ್ಳುವವರು ವಿರಳ. ಜಾತ್ರೆಗೆ, ಪ್ರವಾಸಕ್ಕೆ ಹೋಗಿ ದೋಣಿ ಹತ್ತುವವರು ಬೇಕಾದಷ್ಟು ಮಂದಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಮಿತಿಗಿಂತ ಹೆಚ್ಚು ಜನ ಹತ್ತಿದ್ದರೆಂದು ಆಗ ವರದಿಯಾಗಿತ್ತು. ಇಂಥ ದೋಣಿಗಳಲ್ಲಿ ನೀರಿನ ತೊಟ್ಟಿ ಇರುವುದಿಲ್ಲ, ಕೂತ ಜನರೇ ಅವುಗಳ ಬ್ಯಾಲಾಸ್ಟ್. ಮೂವತ್ತು ಜನ ಒಟ್ಟಿಗೆ ಎದ್ದು ನಿಂತರೆ ಒಂದೂವರೆ ಟನ್ನಿಗೂ ಹೆಚ್ಚಿನ ಭಾರ ಒಂದೇ ಕ್ಷಣದಲ್ಲಿ ಒಂದಡಿ ಮೇಲೇರುತ್ತದೆ. ಎಲ್ಲರೂ ಒಂದೇ ಬದಿಗೆ ಫೋಟೊಕ್ಕೆ ನುಗ್ಗಿದರೆ ಅರ್ಧ ತುಂಬಿದ ತೊಟ್ಟಿಯ ನೀರು ಮಾಡುವುದನ್ನು ಜನರೇ ಮಾಡಿದಂತಾಗುತ್ತದೆ. ದೋಣಿ ಹತ್ತುವ ಮುನ್ನ ಎಷ್ಟು ಜನ ಇದ್ದಾರೆ ಎಣಿಸಿ. ಹತ್ತಿದ ಮೇಲೆ ಲೈಫ್ ಜಾಕೆಟ್ ಕಟ್ಟಿಕೊಂಡು, ಸಿಕ್ಕ ಜಾಗದಲ್ಲಿ ಕೂತು, ದಡ ಮುಟ್ಟುವ ತನಕ ಏಳಬೇಡಿ.